ಜೇಡದಲ್ಲಿ ಕಂಡ ತಾಯಿ

ಜೇಡವನ್ನು ತಾಯಿಯ ಪ್ರತಿಮೆಯಾಗಿ ನಿಲ್ಲಿಸುವ ಯೋಚನೆ ನಮ್ಮ ಶಿಲ್ಪಿಗಳಿಗೆ ಸುಲಭವಾಗಿ ಹೊಳೆಯುವಂಥದಲ್ಲ. ನಮ್ಮ ಪ್ರವಚನಗಳಲ್ಲಿ ಜೇಡ ಬರುವುದು ತಾನು ನೇಯ್ದ ಬಲೆಯಲ್ಲಿ ತಾನೇ ಸಿಲುಕುವ ಸಂಸಾರಿ ಜೀವದ ಉಪಮೆಯಾಗಿ. ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಶಿಲ್ಪಿ ಲೂಯಿಸ್ ಬೂರ್ಜ್ವಾ (1911–2010) ಮಾತ್ರ 1999ರಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ, ಸುಮಾರು 30 ಅಡಿ ಎತ್ತರದ ಹೆಣ್ಣು ಜೇಡವೊಂದನ್ನು ರಚಿಸಿ ಅದಕ್ಕೆ ‘ಮಾಮಾನ್’, ಅಂದರೆ ‘ಅಮ್ಮ’ ಎಂದು ಹೆಸರಿಟ್ಟರು. ಉಕ್ಕು ಮತ್ತು ಅಮೃತಶಿಲೆಯ ಮೂಲಕೃತಿಯನ್ನು ಲಂಡನ್ನಿನ ಟೇಟ್ ಮಾಡರ್ನ್ 2000ದಲ್ಲಿ ತೆರೆದಾಗ ಅಲ್ಲಿ ಪ್ರದರ್ಶಿಸಲಾಯಿತು. ಅನಂತರ ಕಂಚಿನಲ್ಲಿ ಎರಕ ಹೊಯ್ದ ಪ್ರತಿಗಳು ಬಿಲ್ಬಾವೊ, ಟೋಕಿಯೊ, ಒಟ್ಟಾವ ಮೊದಲಾದ ನಗರಗಳಲ್ಲಿವೆ.

ಒಟ್ಟಾವದ ಪ್ರತಿಯನ್ನು ನಾನು ನೋಡಿದ್ದೇನೆ. ದೂರದಿಂದ ಅದು ಭಯ ಹುಟ್ಟಿಸುತ್ತದೆ. ಗಂಟುಗಂಟಾದ ಎಂಟು ಕಾಲುಗಳು ನೆಲವನ್ನು ಮುಟ್ಟುವಲ್ಲಿ ಮೊನಚಾಗಿವೆ. ಅಷ್ಟು ದೊಡ್ಡ ದೇಹ ತುದಿಗಾಲಿನಲ್ಲಿ ನಿಂತಂತಿದೆ. ಹೊಟ್ಟೆಯ ಕೆಳಗೆ ಹೋಗಿ ತಲೆಯೆತ್ತಿದರೆ ಭಾವ ಬದಲಾಗುತ್ತದೆ. ಅಲ್ಲಿ ಜಾಲರಿಯಂಥ ಚೀಲದಲ್ಲಿ ಅಮೃತಶಿಲೆಯ ಬಿಳಿಯ ಮೊಟ್ಟೆಗಳು ಕಾಣುತ್ತವೆ. ಕರಿಯ ಕಂಚಿನ ನಡುವೆ ಆ ಬಿಳುಪು ಕಂಡಮೇಲೆ, ಈ ಪ್ರಾಣಿ ಬೇಟೆಗೆ ನಿಂತಿಲ್ಲ, ಕಾವಲಿಗೆ ನಿಂತಿದೆ ಎಂಬುದು ವೇದ್ಯವಾಗುತ್ತದೆ. ಎರಡು ದ್ರವ್ಯಗಳ ಈ ಸಂಯೋಗವೇ ಕೃತಿಯ ಜೀವ.

ತಾಯಿ ಜೋಸೆಫಿನ್ ಹಳೆಯ ಚಿತ್ರಕಂಬಳಿಗಳನ್ನು ದುರಸ್ತಿ ಮಾಡುವ ಕುಟುಂಬೋದ್ಯಮವನ್ನು ನಡೆಸುತ್ತಿದ್ದರು. ಹರಿದುಹೋದ ಭಾಗಗಳಿಗೆ ಬಾಲಕಿ ಲೂಯಿಸ್ ರೇಖಾಚಿತ್ರ ಬರೆದುಕೊಡುತ್ತಿದ್ದಳು. ಬಟ್ಟೆ ವ್ಯಾಪಾರಿಯಾದ ನನಗೆ ರಫು ಕೆಲಸದ ಬೆಲೆ ತಿಳಿದಿದೆ: ಕಣ್ಣಿಗೆ ಬೀಳದಿದ್ದರೇ ಅದು ಉತ್ತಮ ಕೆಲಸ. ಆ ಮನೆಯಲ್ಲಿ ಇನ್ನೊಂದು ಹರಕೂ ಇತ್ತು. ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಬಂದು ಮನೆಯಲ್ಲೇ ಇದ್ದ ಶಿಕ್ಷಕಿಯೊಡನೆ ತಂದೆಗೆ ಸಂಬಂಧವಿತ್ತು. ತಾಯಿ ಅದನ್ನು ಸಹಿಸಿಕೊಂಡರು. 1932ರಲ್ಲಿ ತಾಯಿ ತೀರಿಕೊಂಡರು. ಗಣಿತವನ್ನು ಅಭ್ಯಾಸ ಮಾಡಿದ್ದ ಮಗಳು ಅದನ್ನು ಬಿಟ್ಟು ಕಲೆಯ ಕಡೆ ತಿರುಗಿದರು.

ಈ ಸಹನೆಯನ್ನು ಕ್ಷಮೆಯೆನ್ನೋಣವೆ, ನಿರುಪಾಯವೆನ್ನೋಣವೆ? ಪತಿಯ ಉಪೇಕ್ಷೆಯಲ್ಲಿ 22 ವರ್ಷ ಕಳೆದ ಅಂಜನೆಯನ್ನು ನಾವು ಕೊಂಡಾಡುತ್ತೇವೆ. ಪವನಂಜಯನನ್ನು ಪ್ರಶ್ನಿಸುವುದು ಅಪರೂಪ. ಬೂರ್ಜ್ವಾ ಪ್ರಶ್ನಿಸಿದರು. 1974ರಲ್ಲಿ ‘ತಂದೆಯ ವಿನಾಶ’ ಎಂಬ ಉಗ್ರ ಕೃತಿಯನ್ನು ರಚಿಸಿದರು. 1982ರಲ್ಲಿ ಮನೆಯ ಗುಟ್ಟನ್ನು ಬಹಿರಂಗವಾಗಿ ಬರೆದರು. ಕಷಾಯವನ್ನು ಇಷ್ಟು ಕಾಲ ಪೋಷಿಸಿದ್ದು ಬಂಧವೇ ಹೊರತು ನಿರ್ಜರೆಯಲ್ಲವೆಂದು ಶಾಸ್ತ್ರಜ್ಞರು ಹೇಳಿಯಾರು. ನಾನೂ ಮೊದಲು ಹಾಗೆಯೇ ಭಾವಿಸಿದ್ದೆ. ಆದರೆ ‘ಮಾಮಾನ್’ನಲ್ಲಿ ತಂದೆಯ ಸುಳಿವೇ ಇಲ್ಲ. ಶಲ್ಯವು ಪೂರ್ತಿ ಹೊರಬಂದಿತೆಂದು ಹೇಳಲಾರೆ. ಈ ಒಂದು ಕೃತಿಯಮಟ್ಟಿಗೆ ಅದು ಕೈಯನ್ನು ನಡೆಸಿಲ್ಲ.

ನನ್ನ ಆಕ್ಷೇಪ ಬೇರೆಡೆ ಇದೆ. ರೋಗ ಹರಡುವ ಸೊಳ್ಳೆಗಳನ್ನು ತಿನ್ನುವುದರಿಂದ ಜೇಡ ಉಪಕಾರಿ, ರಕ್ಷಕಿ ಎಂಬುದು ಕಲಾವಿದೆಯ ಸಮರ್ಥನೆ. ಒಂದು ಜೀವದ ವಧೆಯನ್ನು ಇನ್ನೊಂದರ ರಕ್ಷಣೆಯ ಲೆಕ್ಕಕ್ಕೆ ಜಮಾ ಮಾಡುವ ಈ ಖಾತೆ ನಮಗೆ ಒಪ್ಪಿಗೆಯಾಗದು. ಸ್ವಭಾವದಂತೆ ಬದುಕುವ ಪ್ರಾಣಿಯನ್ನು ದೂಷಿಸಬೇಕಾಗಿಲ್ಲ. ಆ ಸ್ವಭಾವವನ್ನು ಮನುಷ್ಯರ ತಾಯಿಯ ಗುಣವೆಂದು ಹೊಗಳುವುದು ಬೇರೆ ಮಾತು. ಆದರೆ ಕೃತಿಯು ಈ ಸಮರ್ಥನೆಗಿಂತ ವಿವೇಕಶಾಲಿಯಾಗಿದೆ. ಅಲ್ಲಿ ಬಲೆಯೂ ಇಲ್ಲ, ಸಿಕ್ಕಿಬಿದ್ದ ಕೀಟವೂ ಇಲ್ಲ. ನೇಯ್ಗೆಯ ಮನೆತನದ ತಾಯಿಯನ್ನು ಚಿತ್ರಿಸುವಾಗ ನೇಯ್ಗೆಯನ್ನೇ ಬಿಟ್ಟದ್ದು ಉದ್ದೇಶಪೂರ್ವಕವೋ ಅಲ್ಲವೋ, ಕೃತಿಗೆ ಒಳ್ಳೆಯದಾಯಿತು.

ಶ್ರವಣಬೆಳಗೊಳದ ಗೊಮ್ಮಟನೂ ಪರಂಪರೆಯ ಪ್ರಕಾರ ತಾಯಿಯ ನಿಮಿತ್ತವಾಗಿಯೇ ನಿಂತವನು. ಪೌದನಪುರದ ಬಾಹುಬಲಿಯನ್ನು ಕಾಣಬೇಕೆಂಬ ಕಾಳಲಾದೇವಿಯ ಹಂಬಲ ಚಾವುಂಡರಾಯನನ್ನು ಹೊರಡಿಸಿತು. ಅಲ್ಲಿ ತಾಯಿಯ ರೂಪವಿಲ್ಲ. ತಾಯಿ ನೋಡಬಯಸಿದ್ದು ಇದೆ. ಒಟ್ಟಾವದಲ್ಲಿ ತಾಯಿಯೇ ನಿಂತಿದ್ದಾಳೆ, ಮಗಳ ಕಣ್ಣಿಗೆ ಕಂಡಂತೆ. ಜೋಸೆಫಿನ್ ತಮಗಾಗಿ ಏನನ್ನು ಬಯಸಿದ್ದರೆಂಬುದನ್ನು ಆ ಕಂಚಿನಲ್ಲಿ ಬಹಳ ಹೊತ್ತು ಹುಡುಕಿದೆ, ಸಿಗಲಿಲ್ಲ. ನಾನು ನಿಂತಿದ್ದಷ್ಟು ಹೊತ್ತೂ ಎಲ್ಲಿಯವೋ ಮಕ್ಕಳು ಆ ಕಾಲುಗಳ ನಡುವೆ ಓಡಾಡಿಕೊಂಡಿದ್ದವು.