ಒಂದೇ ಗುಂಡಿಯ ಎರಡು ತಾಯಿತ

‘ದಿ ಎಕ್ಸಾರ್ಸಿಸ್ಟ್’ (1973) ತೆರೆಕಂಡು ಅರ್ಧ ಶತಮಾನ ಕಳೆದರೂ ಅದರ ಬಗೆಗಿನ ಮೆಚ್ಚುಮಾತು ಬದಲಾಗಿಲ್ಲ: ಇದು ಶ್ರದ್ಧೆಯ ಸಿನಿಮಾ, ನಂಬಿಕೆ ಸಡಿಲಿದ ಪಾದ್ರಿಯೊಬ್ಬ ಪ್ರಾಣ ಕೊಟ್ಟು ಮಗುವನ್ನು ಉಳಿಸಿದ ಕಥೆ. ಫಾದರ್ ಕಾರಸ್‌ನ ಸಂಕಟದ ಮಟ್ಟಿಗೆ ನಾನೂ ಒಪ್ಪುತ್ತೇನೆ. ಒಂಟಿಯಾಗಿ ಸತ್ತ ತಾಯಿಯ ನೆನಪು ಅವನನ್ನು ಒಳಗೊಳಗೇ ತಿನ್ನುವುದನ್ನು ನಿರ್ದೇಶಕ ವಿಲಿಯಂ ಫ್ರೀಡ್ಕಿನ್ ಎದೆಗೆ ತಾಕುವಂತೆ ತೋರಿಸಿದ್ದಾರೆ. ಆದರೆ ಯಾರ ಶ್ರದ್ಧೆ ಎಂದು ಕೇಳಿದರೆ ಚಿತ್ರ ತಡವರಿಸುತ್ತದೆ.

ಕಥೆ ಮೊಳಕೆಯೊಡೆಯುವುದು ಉತ್ತರ ಇರಾಕಿನ ಉತ್ಖನನದ ಗುಂಡಿಯಲ್ಲಿ. ಮಣ್ಣು ಅಗೆಯುವವರು ಊರಿನ ಕೂಲಿಗಳು. ಸಿಕ್ಕಿದ್ದೇನೆಂದು ಅರಿಯುವವನು ಹೊರಗಿನಿಂದ ಬಂದ ಪಾದ್ರಿ ಮೆರಿನ್. ಆ ನೆಲಕ್ಕೆ ಇದು ಹೊಸದಲ್ಲ. 1840ರ ದಶಕದಲ್ಲೇ ಬ್ರಿಟಿಷ್ ಪುರಾತತ್ವಜ್ಞ ಲೇಯಾರ್ಡ್ ಅಲ್ಲಿನ ಪ್ರಾಚೀನ ನಗರಿ ನಿಮ್ರೂದನ್ನು ಅಗೆಸಿ ಶಿಲ್ಪಗಳನ್ನು ಲಂಡನ್ನಿಗೆ ಸಾಗಿಸಿದ್ದ. ಮೊದಲ ಮಹಾಯುದ್ಧದ ನಂತರ 1932ರವರೆಗೆ ಇರಾಕ್ ಬ್ರಿಟಿಷರ ಹಿಡಿತದಲ್ಲೇ ಇತ್ತು. ಮೆರಿನ್‌ಗೆ ಸಿಗುವುದು ಎರಡು ವಸ್ತು: ಸಂತ ಜೋಸೆಫರ ಪದಕ, ಪಝೂಝುವಿನ ಪುಟ್ಟ ತಲೆ.

ಪಝೂಝು ಕೆಟ್ಟ ಗಾಳಿಗಳ ಒಡೆಯ, ನಿಜ. ಆದರೆ ಬಾಣಂತಿಯರನ್ನೂ ಹಸುಗೂಸುಗಳನ್ನೂ ಕಾಡುವ ಲಮಷ್ಟು ಎಂಬ ರಕ್ಕಸಿಯನ್ನು ಓಡಿಸಲು ಮೆಸೊಪೊಟೇಮಿಯದ ಜನ ಮೊರೆಹೋಗುತ್ತಿದ್ದುದೂ ಅವನಿಗೇ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿ ಅವನ ಕಂಚಿನ ವಿಗ್ರಹವೊಂದಿದೆ, ಸುಮಾರು 15 ಸೆಂ.ಮೀ. ಎತ್ತರದ್ದು. ಗುರುಗುಟ್ಟುವ ಮುಖ, ನಾಲ್ಕು ರೆಕ್ಕೆ, ಹಕ್ಕಿಯ ಪಂಜ. ನೆತ್ತಿಯ ಮೇಲೆ ತೂಗುಹಾಕಲು ಒಂದು ಉಂಗುರ. ಕಟ್ಟುವ ಮನೆಯ ಮುಂದೆ ಕೋರೆಹಲ್ಲಿನ ದೃಷ್ಟಿಗೊಂಬೆ ಕಟ್ಟುವ ನಮಗೆ ಆ ಉಂಗುರದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಚಿತ್ರಕ್ಕೂ ಇದು ಗೊತ್ತಿತ್ತೆಂಬುದೇ ನನ್ನನ್ನು ಹೆಚ್ಚು ನೋಯಿಸುತ್ತದೆ. ಆ ತಲೆಯನ್ನು ನೋಡಿದ ಇರಾಕಿ ಅಧಿಕಾರಿ, ಕೆಡುಕನ್ನು ಕೆಡುಕಿನಿಂದಲೇ ತಡೆಯುವ ವಸ್ತುವಿದು ಎಂಬರ್ಥದ ಮಾತಾಡುತ್ತಾನೆ. ಅಷ್ಟೇ, ಆ ಮಾತು ಮತ್ತೆ ಬರುವುದಿಲ್ಲ. ಕೂಸುಗಳ ಕಾವಲಿಗಿದ್ದವನು ವಾಷಿಂಗ್ಟನ್ನಿನ ಹನ್ನೆರಡರ ಹುಡುಗಿಯ ಮೈಹೊಕ್ಕ ದೆವ್ವವಾಗುತ್ತಾನೆ.

ಅದು ಸೈತಾನನೇ, ಪಝೂಝು ಬರೀ ಮುಖವಾಡ ಎಂದು ವಾದಿಸುವವರಿದ್ದಾರೆ. ನನ್ನ ತಕರಾರು ಇರುವುದೇ ಅಲ್ಲಿ. ಪರರ ಕಾವಲುದೈವವನ್ನು ಸೈತಾನನ ಮುಖವಾಡವೆಂದು ಓದುವ ಅಭ್ಯಾಸ ವಸಾಹತು ಕಾಲದ್ದು. ತುಳುನಾಡಿನ ಭೂತಾರಾಧನೆಯ ಕುರಿತು ಬ್ರಿಟಿಷ್ ಅಧಿಕಾರಿ ಎ.ಸಿ. ಬರ್ನೆಲ್ ಸಂಗ್ರಹಿಸಿದ್ದು 1890ರ ದಶಕದಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದಾಗ ಅದಕ್ಕಿದ್ದ ತಲೆಬರಹ ‘ತುಳುವರ ದೆವ್ವಪೂಜೆ’. ಕೋಲದಲ್ಲಿ ದೈವದ ಮುಂದೆ ಕೈಮುಗಿದು ನ್ಯಾಯ ಕೇಳುವವರ ಶ್ರದ್ಧೆ ಆ ಪದದೊಳಗೆ ಉಸಿರುಗಟ್ಟುತ್ತದೆ. ಚಿತ್ರದ ಮೂಲ ಕಾದಂಬರಿಯನ್ನೂ ಚಿತ್ರಕಥೆಯನ್ನೂ ಬರೆದ ವಿಲಿಯಂ ಪೀಟರ್ ಬ್ಲ್ಯಾಟಿ ಲೆಬನಾನಿನಿಂದ ವಲಸೆ ಬಂದವರ ಮಗ. ಪಶ್ಚಿಮ ಏಷ್ಯಾದ ಆ ಸೀಮೆ ಅವರಿಗೆ ಪೂರ್ತಿ ಪರದೇಶವೇನೂ ಆಗಿರಲಿಲ್ಲ. ಆದರೂ ಚಿತ್ರದಲ್ಲಿ ಆಜಾನ್ ಕೂಡ ಅಪಶಕುನದ ಹಾಗೆ ಕೇಳಿಸುತ್ತದೆ.

ಕೊನೆಯಲ್ಲಿ ಕಾರಸ್‌ನ ಕೊರಳಲ್ಲಿದ್ದ ಪದಕ ಅವನ ಗೆಳೆಯ ಫಾದರ್ ಡಯರ್‌ನ ಕೈಸೇರುತ್ತದೆ. ಗುಂಡಿಯಲ್ಲಿ ಅಂಥದೇ ಪದಕದ ಜೊತೆ ಸಿಕ್ಕಿದ ಇನ್ನೊಂದು ತಾಯಿತ ಯಾವ ಬಾಣಂತಿಯ ಕೊರಳಿನದೆಂದು ಕೇಳುವ ಒಂದು ಪಾತ್ರವೂ ಚಿತ್ರದಲ್ಲಿಲ್ಲ.