ಹಲಗಿಗೆ ಜಾಗ ಬಿಡುವ ಬಾಸ್

ಹುಬ್ಬಳ್ಳಿಯ ಗಣೇಶ ವಿಸರ್ಜನೆಯ ಮೆರವಣಿಗೆಯಲ್ಲಿ ಡಿಜೆ ಸದ್ದು ಮೊದಲು ಎದೆಗೆ ಬಡಿಯುತ್ತದೆ, ಆಮೇಲೆ ಕಿವಿಗೆ. ಆ ಬಾಸ್ ಕಟ್ಟುವವರಲ್ಲಿ ಎಷ್ಟೋ ಮಂದಿ ಮೀಸೆ ಚಿಗುರುವ ಹುಡುಗರು. ಒಂದು ಕಂಪ್ಯೂಟರ್, ಹೆಡ್‌ಫೋನ್, 1997ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿದ ಎಫ್‌ಎಲ್ ಸ್ಟುಡಿಯೋದಂಥ ಸಾಫ್ಟ್‌ವೇರ್, ಇಷ್ಟೇ ಬಂಡವಾಳ.

ಅವರ ಕಸಬಿನಲ್ಲಿ ನನಗೆ ಬಹಳ ಹಿಡಿಸುವುದು ಹಲಗಿ ಎಂಬ ಚರ್ಮವಾದ್ಯದ ಸದ್ದನ್ನು ಉಳಿಸಿಕೊಳ್ಳುವ ಜಾಣತನ. ಕಿಕ್ ಡ್ರಮ್ಮಿನ ಜೀವ ಇರುವುದು 50–60 ಹರ್ಟ್ಸ್ ಆಸುಪಾಸಿನಲ್ಲಿ. ಹಲಗಿಯ ಚುರುಕು ಪೆಟ್ಟು ಅದಕ್ಕಿಂತ ತೀರಾ ಮೇಲೆ. ಆದರೆ ಹಲಗಿಗೂ ಗುಂಯ್‌ಗುಡುವ ಒಂದು ತಳ ಉಂಟು. ಅದನ್ನು ಹಾಗೇ ಬಿಟ್ಟರೆ ಎರಡೂ ಕಲಸಿ ರಾಡಿಯಾಗುತ್ತದೆ. ಪಳಗಿದ ಹುಡುಗ ಈಕ್ವಲೈಸರಿನಲ್ಲಿ ಆ ತಳವನ್ನು ಕತ್ತರಿಸುತ್ತಾನೆ. ಕಿಕ್ ಬಿದ್ದ ಕ್ಷಣಕ್ಕೆ ಬಾಸನ್ನು ತುಸು ತಗ್ಗಿಸುತ್ತಾನೆ. ಆಗ ಟ್ರ್ಯಾಕ್ಟರಿಗೆ ಕಟ್ಟಿದ ಸ್ಪೀಕರಿನಲ್ಲೂ ಹಾಡಿನ ಮಾತು ಬಿಡಿಬಿಡಿಯಾಗಿ ಕೇಳುತ್ತದೆ. ಮಾಳು ನಿಪನಾಳರ ‘ನಾ ಡ್ರೈವರಾ’ ತರಹದ ಉತ್ತರ ಕರ್ನಾಟಕದ ಜನಪದ ಹಾಡುಗಳು ಮೆರವಣಿಗೆಗೆ ಬರುವುದು ಇಂಥ ಕೈಗಳನ್ನು ದಾಟಿಯೇ.

ಹಾಡಿನ ನಡುವೆ ತಮ್ಮ ಡಿಜೆ ಹೆಸರನ್ನು ಕೂಗಿಸಿ ಸೇರಿಸುವುದು ಇವರ ರೂಢಿ. ಕೆಲವರಿಗೆ ಅದು ಕಿರಿಕಿರಿ. ನನಗೆ ಹಾಗನ್ನಿಸುವುದಿಲ್ಲ. ವಚನಕಾರರಿಗೆ ಅಂಕಿತ ಇತ್ತು, ಇವರಿಗೂ ಇರಲಿ. ಹಾಡಿನ ವಿವರದಲ್ಲಿ ಗಾಯಕರ ಪಕ್ಕದಲ್ಲೇ ಇವರ ಹೆಸರನ್ನೂ ಬರೆಯುವ ಪದ್ಧತಿ ಬೇಗ ಬರಬೇಕು.