ಕೆಂಪು ಬಣ್ಣ ಯಾರ ಲೆಕ್ಕಕ್ಕೆ?

ನಾನೇ ಡೆಮೊ ಕೊಟ್ಟು, ನಾನೇ ಹೊಗಳಿ, ನಾನೇ ಕೂರಿಸಿದ ಒಂದು ವಸ್ತುವಿನ ಮೇಲೆ ಇವತ್ತು ತಕರಾರು ಬರೀತಿದ್ದೀನಿ. ಪೀಣ್ಯದ ಮಷೀನ್ ಶಾಪ್‌ಗಳಲ್ಲಿ ಮಾನಿಟರಿಂಗ್ ಸಾಫ್ಟ್‌ವೇರ್ ಹಾಕಿಸೋದು ನಾಲ್ಕು ವರ್ಷ ನನ್ನ ಕೆಲಸವಾಗಿತ್ತು. ಮಷೀನ್ ಎಷ್ಟು ಹೊತ್ತು ಓಡಿತು, ಎಷ್ಟು ಹೊತ್ತು ನಿಂತಿತು, ಯಾಕೆ ನಿಂತಿತು, ಈ ಮೂರೂ ಪ್ರಶ್ನೆಗೆ ಉತ್ತರ ಗೋಡೆ ಮೇಲಿನ ಟಿವಿಯಲ್ಲಿ ಬರುತ್ತೆ ಅಂತ ಓನರ್‌ಗಳಿಗೆ ಹೇಳ್ತಿದ್ದೆ. ಮೊದಲೆರಡು ಉತ್ತರ ನಿಜ. ನನ್ನ ಜಗಳ ಮೂರನೆಯದರ ಜೊತೆ.

ಇದು ಕೆಲಸ ಮಾಡೋ ರೀತಿ ಸರಳ. ಹೊಸ ಸಿಎನ್‌ಸಿ ಮಷೀನ್ ಆದರೆ ಅದರ ಕಂಟ್ರೋಲರ್‌ನಿಂದಲೇ ನೆಟ್‌ವರ್ಕ್ ಕೇಬಲ್ ಎಳೆದು ಡೇಟಾ ತಗೋತೀವಿ. ಹಳೇದಾದರೆ ಮೋಟರ್ ವೈರಿಗೆ ಒಂದು ಕರೆಂಟ್ ಸೆನ್ಸರ್ ಸಿಕ್ಕಿಸ್ತೀವಿ, ಇಲ್ಲವೇ ತಲೆ ಮೇಲಿನ ಹಸಿರು-ಹಳದಿ-ಕೆಂಪು ದೀಪದಿಂದ ಒಂದು ತಂತಿ ಎಳೀತೀವಿ. ನಿಂತಿದ್ದು ಮಷೀನಿಗೆ ಗೊತ್ತಾಗುತ್ತೆ. ಕೆಲವು ಸಲ ಅಲಾರಂ ನಂಬರನ್ನೂ ಕೊಡುತ್ತೆ. ಆದರೆ ಬಹಳಷ್ಟು ಸಲ ಕಾರಣ ಮಷೀನಿನ ಹೊರಗೆ ಇರುತ್ತೆ. ಅದಕ್ಕೇ ಪಕ್ಕದಲ್ಲಿ ಒಂದು ಟ್ಯಾಬ್ಲೆಟ್. ಟೂಲ್ ಬದಲು, ಸೆಟಿಂಗ್, ಮಟೀರಿಯಲ್ ಇಲ್ಲ, ಕರೆಂಟ್ ಇಲ್ಲ, ಆಪರೇಟರ್ ಇಲ್ಲ ಅಂತ ಒಂದು ಪಟ್ಟಿ. ಆಪರೇಟರ್ ಒಂದನ್ನು ಒತ್ತಬೇಕು.

ಆಮೇಲೆ ಎಲ್ಲ ಸೇರಿ ಒಂದೇ ಅಂಕಿ ಆಗುತ್ತೆ, ಓಇಇ ಅಂತಾರೆ. 8 ಗಂಟೆ ಶಿಫ್ಟು, ಅಂದರೆ 480 ನಿಮಿಷ. ಊಟ-ಟೀಗೆ 30 ಕಳೆದರೆ 450. ಅದರಲ್ಲಿ 90 ನಿಮಿಷ ಮಷೀನ್ ನಿಂತಿತು. ಓಡಿದ್ದು 360, ಅಂದರೆ ಶೇ. 80. ಒಂದು ಪೀಸಿಗೆ 3 ನಿಮಿಷದಂತೆ 120 ಬರಬೇಕಿತ್ತು, ಬಂದಿದ್ದು 102, ವೇಗ ಶೇ. 85. ಅದರಲ್ಲಿ 3 ರಿಜೆಕ್ಟ್, ಗುಣಮಟ್ಟ ಶೇ. 97. ಮೂರನ್ನೂ ಗುಣಿಸಿದರೆ 66. ಮೂರು ಕಡೆಯೂ ತಕ್ಕಮಟ್ಟಿಗೆ ಪಾಸಾದ ಮಷೀನು ಒಟ್ಟಿನಲ್ಲಿ 66 ಅಂಕ ತಗೊಂಡು ನಿಂತಿರುತ್ತೆ. ಎಲ್ಲ ಸ್ಲೈಡಲ್ಲೂ 'ವರ್ಲ್ಡ್ ಕ್ಲಾಸ್' ಅಂತ ಬರೋ ಅಂಕಿ 85.

ಮೊದಲು ಇದರ ಒಳ್ಳೇ ಗುಣ ಹೇಳಬೇಕು, ಇಲ್ಲಾಂದ್ರೆ ಅನ್ಯಾಯ. ಹಿಂದೆಲ್ಲ ಶಿಫ್ಟ್ ಮುಗಿಯೋ ಹೊತ್ತಿಗೆ ನೆನಪಿನಿಂದ ಲಾಗ್‌ಬುಕ್ ತುಂಬಿಸ್ತಿದ್ದರು. ಒಂದು ಗಂಟೆಯ ಬ್ರೇಕ್‌ಡೌನ್ ನೆನಪಿರುತ್ತೆ. ಚಿಪ್ಸ್ ಸಿಕ್ಕಿಕೊಂಡು ಎರಡೆರಡು ನಿಮಿಷ ಇಪ್ಪತ್ತು ಸಲ ನಿಂತಿದ್ದು ಯಾರಿಗೆ ನೆನಪಿರುತ್ತೆ? ಸಾಫ್ಟ್‌ವೇರ್ ಅದನ್ನು ಹಿಡಿಯುತ್ತೆ. ಹೊಸ ಮಷೀನ್‌ಗೆ ಸಾಲ ಮಾಡೋಕೆ ಹೊರಟ ಓನರ್‌ಗೆ, ಇರೋ ಮಷೀನೇ ಅರ್ಧ ದಿನ ಖಾಲಿ ನಿಂತಿದೆ ಅಂತ ತೋರಿಸಿದ ಖುಷಿ ನನಗೂ ಉಂಟು.

ಈಗ ತಕರಾರು. ಹೆಸರು ಬೇಡ, ಒಂದು ಯೂನಿಟ್. ಅಲ್ಲಿ ಐದು ನಿಮಿಷದೊಳಗೆ ಕಾರಣ ಒತ್ತದಿದ್ದರೆ ತಾನಾಗೇ 'ಆಪರೇಟರ್ ಇಲ್ಲ' ಅಂತ ಬೀಳೋ ಹಾಗೆ ನಾನೇ ಸೆಟ್ ಮಾಡಿದ್ದೆ. ಮ್ಯಾನೇಜರ್ ಕೇಳಿದ್ದರು, ಎರಡು ಕ್ಲಿಕ್ ಕೆಲಸ, ಮಾಡಿಕೊಟ್ಟೆ. ಮೂರು ತಿಂಗಳಾದ ಮೇಲೆ ಹೋದರೆ ಒಬ್ಬ ಆಪರೇಟರ್ ನನ್ನ ಹತ್ತಿರ ಬಂದ. "ಸಾರ್, ಟಿಪ್ ಸವೆದಿತ್ತು. ಸ್ಟೋರ್‌ಗೆ ಬೀಗ ಹಾಕಿತ್ತು. ಕೀ ಹುಡುಕ್ಕೊಂಡು ಹೋಗಿದ್ದೆ. ನಿಮ್ಮ ಟಿವಿ ನಾನೇ ಇರಲಿಲ್ಲ ಅನ್ನುತ್ತೆ." ಆ ತಿಂಗಳು ಅವನ ಇನ್ಸೆಂಟಿವ್ ಕಟ್ ಆಗಿತ್ತು. ಪಟ್ಟಿ ತೆಗೆದು ನೋಡಿದೆ. 'ಸ್ಟೋರ್ ಬೀಗ' ಅನ್ನೋ ಕಾರಣವೇ ಅದರಲ್ಲಿರಲಿಲ್ಲ. 'ಇನ್‌ಸ್ಪೆಕ್ಷನ್‌ಗೆ ಕಾಯ್ತಿದ್ದೇವೆ', 'ಡ್ರಾಯಿಂಗ್ ಬಂದಿಲ್ಲ', 'ಸೂಪರ್‌ವೈಸರ್ ಫೋನ್ ಎತ್ತಲಿಲ್ಲ', ಯಾವುದೂ ಇರಲಿಲ್ಲ. ಪಟ್ಟಿ ಮಾಡಿದ್ದು ಆಫೀಸ್ ರೂಮಲ್ಲಿ ಕೂತ ನಾನು ಮತ್ತು ಮ್ಯಾನೇಜರ್. ಆಫೀಸ್ ರೂಮಿನ ತಪ್ಪಿಗೆ ನಾವು ಬಟನ್ ಇಟ್ಟಿರಲಿಲ್ಲ.

ಆ ವರ್ಷ ಊರಿಗೆ ಹೋದಾಗ ಇದೇ ತಲೇಲಿತ್ತು. ನಮ್ಮೂರು ಮಣ್ಣೂರ, ಅಫಜಲಪುರ ತಾಲೂಕು, ಭೀಮಾ ನದಿ ದಂಡೆ. ಅಲ್ಲಿ ನಮ್ಮ ಕಾಕಾಂದು ಹಿಟ್ಟಿನ ಗಿರಣಿ. ಗೋಡೆ ತುಂಬ ಸೀಮೆಸುಣ್ಣದ ಗೀಟು. ಕರೆಂಟ್ ಹೋದಾಗೊಂದು, ಬಂದಾಗೊಂದು, ಪಕ್ಕದಲ್ಲಿ ಟೈಮು. ಇದೂ ಡೌನ್‌ಟೈಮ್ ಲಾಗೇ ಅಲ್ವಾ ಅಂತ ನಗು ಬಂತು. ಯಾಕ್ ಬರೀತಿ ಕಾಕಾ ಅಂದೆ.

"ಲೈನ್‌ಮನ್ ಬಂದು ಕರೆಂಟ್ ಬರೋಬ್ಬರಿ ಕೊಟ್ಟೀವಲ್ಲ ಅಂತಾನ. ಗ್ವಾಡಿ ನೋಡಪಾ ಅಂತೀನಿ. ಜ್ವಾಳದ ಡಬ್ಬಿ ಇಟ್ಟು ಹ್ವಾದೋರು ಬಂದು ನನಗs ಬೈತಾರ. ಅವರಿಗೂ ಗ್ವಾಡಿ ತೋರಸ್ತೀನಿ. ಬಾಯಿ ಮಾತು ಯಾರ್ ಕೇಳ್ತಾರ ತಮ್ಮಾ?"

ನಾನು ಮಾರಿದ್ದಕ್ಕೂ ಕಾಕಾನ ಗೋಡೆಗೂ ಇರೋ ವ್ಯತ್ಯಾಸ ಅಲ್ಲಿ ಹೊಳೆಯಿತು. ಎರಡರಲ್ಲೂ ಇರೋದು ಅದೇ ಮಾಹಿತಿ. ಆದರೆ ಗೋಡೆ ಕಾಕಾನ ಕೈಯಲ್ಲಿದೆ, ಅದು ಮೇಲಿನವರನ್ನು ಪ್ರಶ್ನೆ ಕೇಳುತ್ತೆ. ನನ್ನ ಟಿವಿ ಮೇಲಿನವರ ಕೈಯಲ್ಲಿತ್ತು, ಕೆಳಗಿನವರನ್ನು ಮಾತ್ರ ಕೇಳುತ್ತಿತ್ತು.

ಇನ್ನೊಂದು ಉದಾಹರಣೆಯೂ ನಮ್ಮ ಕಡೆಯದೇ. ಅಲ್ಲಿ ಕಬ್ಬು ಜಾಸ್ತಿ, ಸಕ್ಕರೆ ಕಾರ್ಖಾನೆಗಳೂ ಇವೆ. ಈ ಉದ್ಯಮದಲ್ಲಿ ನಿಂತ ಗಂಟೆಗಳ ಲೆಕ್ಕ ಸಾಫ್ಟ್‌ವೇರ್‌ಗಿಂತ ಹಳೇದು: ಕಬ್ಬಿಲ್ಲದೆ ಎಷ್ಟು, ಮೆಕ್ಯಾನಿಕಲ್ ಎಷ್ಟು, ಕ್ಲೀನಿಂಗ್‌ಗೆ ಎಷ್ಟು ಅಂತ ಬೇರೆ ಬೇರೆ ಬರೆದಿಡ್ತಾರೆ. ಕಬ್ಬಿಲ್ಲದೆ ಮಿಲ್ ನಿಂತರೆ ಅದಕ್ಕೊಂದು ಕಾಲಂ ಇದೆ. ಮಿಲ್ ನಿಂತು ಕಬ್ಬು ಕಾದರೆ? ಕಡಿದ ಕಬ್ಬು ಬಿಸಿಲಲ್ಲಿ ನಿಂತಷ್ಟೂ ತೂಕ ಇಳಿಯುತ್ತೆ, ರೈತನಿಗೆ ದುಡ್ಡು ಸಿಗೋದು ತೂಕಕ್ಕೆ. ಗೇಟಿನ ಹೊರಗೆ ಟ್ರ್ಯಾಕ್ಟರ್ ಮೇಲೆ ರಾತ್ರಿ ಕಳೆದವನ ಆ ಗಂಟೆಗಳು ಮಷೀನಿನ ಲೆಕ್ಕದ ಒಳಗೆ ಬರೋದೇ ಇಲ್ಲ. ಲೆಕ್ಕದಲ್ಲಿ ಕೂತಿರೋದು ಮಷೀನಿನ ಹೊತ್ತು ಮಾತ್ರ.

ತಮಾಷೆ ಅಂದ್ರೆ ಓಇಇಯನ್ನು ಬೆಳೆಸಿದ ಜಪಾನಿನ ಸೆಯಿಚಿ ನಕಾಜಿಮಾ ಇದನ್ನು ಬೇರೆಯೇ ಉದ್ದೇಶಕ್ಕೆ ಇಟ್ಟುಕೊಂಡಿದ್ದರು. 1970ರ ದಶಕದಲ್ಲಿ ಅವರು ಪ್ರಚಾರ ಮಾಡಿದ ಟಿಪಿಎಂ ಪದ್ಧತಿಯಲ್ಲಿ ಆಪರೇಟರೇ ತನ್ನ ಮಷೀನ್ ಒರೆಸಿ, ಎಣ್ಣೆ ಹಾಕಿ, ಸಣ್ಣ ದೋಷ ಮೊದಲು ಗುರುತಿಸುವವನು. ನಷ್ಟಗಳನ್ನು ಆರು ಬಗೆಯಾಗಿ ವಿಂಗಡಿಸಿದರು: ಬ್ರೇಕ್‌ಡೌನ್, ಸೆಟಿಂಗ್, ಸಣ್ಣ ನಿಲುಗಡೆ, ನಿಧಾನ ಓಟ, ರಿಜೆಕ್ಟ್, ಶುರುವಿನ ನಷ್ಟ. ಆ ಆರರಲ್ಲಿ 'ಸೋಮಾರಿ ಆಪರೇಟರ್' ಅನ್ನೋದಿಲ್ಲ. ಅದನ್ನು ಸೇರಿಸಿದ್ದು ನಮ್ಮಂಥವರು.

ಅಂಕಿಯನ್ನೇ ಸಂಬಳಕ್ಕೆ ಕಟ್ಟಿದರೆ ಜನ ಅಂಕಿಯನ್ನೇ ತಯಾರು ಮಾಡ್ತಾರೆ. 3 ನಿಮಿಷದ ಪೀಸಿಗೆ 4 ನಿಮಿಷ ಅಂತ ಬರೆಸಿದರೆ ವೇಗ ತಾನಾಗೇ ನೂರು ದಾಟುತ್ತೆ. ಬೇಡದ ಪೀಸು ಹೊಡೆದು ಗೋಡೌನ್ ತುಂಬಿಸಿದರೆ ಮಷೀನ್ ಸದಾ ಹಸಿರು. ಮುಂದಿನ ಮಷೀನಿಗೆ ಅಷ್ಟು ತಗೊಳ್ಳೋ ಶಕ್ತಿ ಇಲ್ಲದಿದ್ದರೆ ಹಿಂದಿನದು ಸುಮ್ಮನೆ ನಿಲ್ಲೋದೇ ಲಾಭ ಅಂತ ಎಲಿಯಾಹು ಗೋಲ್ಡ್‌ರಾಟ್ 1984ರಲ್ಲೇ 'ದಿ ಗೋಲ್' ಅನ್ನೋ ಕಾದಂಬರಿ ಬರೆದು ವಾದಿಸಿದ್ದರು. ಹಸಿರು ಅಂದರೆ ಲಾಭ ಅನ್ನೋ ನಂಬಿಕೆ ಮಾತ್ರ ನಮಗಿನ್ನೂ ಬಿಟ್ಟಿಲ್ಲ.

ನಿಮಗಿದು ಫ್ಯಾಕ್ಟರಿ ಕಥೆ ಅನ್ನಿಸಿದರೆ, ಟೀಮ್ಸ್‌ನಲ್ಲಿ ನಿಮ್ಮ ಹೆಸರಿನ ಪಕ್ಕದ ಚುಕ್ಕೆ ಹಳದಿಗೆ ತಿರುಗಿದಾಗ ಗಡಿಬಿಡಿಯಲ್ಲಿ ಮೌಸ್ ಅಲ್ಲಾಡಿಸಿದ್ದು ನೆನಪು ಮಾಡ್ಕೊಳ್ಳಿ. ಆ ಹೊತ್ತಲ್ಲಿ ನೀವು ಪೇಪರ್ ಮೇಲೆ ಡಿಸೈನ್ ಯೋಚಿಸ್ತಿದ್ದಿರಬಹುದು. ಚುಕ್ಕೆಗೆ ಅದೆಲ್ಲ ಬೇಕಾಗಿಲ್ಲ.

ಸಾಫ್ಟ್‌ವೇರ್ ಕಿತ್ತುಹಾಕಿ ಅಂತ ನಾನು ಹೇಳಲ್ಲ. ನಾನು ಕೇಳೋದು ಮೂರು. ಕಾರಣದ ಪಟ್ಟಿಯನ್ನು ಮಷೀನ್ ಮುಂದೆ ನಿಲ್ಲುವವರ ಜೊತೆ ಕೂತು ಮಾಡಿ. ಸುಮ್ಮನಿದ್ದವನ ಮೇಲೆ ತಾನಾಗೇ ತಪ್ಪು ಬೀಳದಿರಲಿ. 'ಕಾರಣ ಗೊತ್ತಿಲ್ಲ' ಅಂತ ಬೀಳಲಿ, ಗೊತ್ತು ಮಾಡ್ಕೊಳ್ಳೋದು ಮ್ಯಾನೇಜರ್ ಕೆಲಸ. ಇನ್ನು, ಮೊದಲ ವರ್ಷವಾದರೂ ಆ ಅಂಕಿಯನ್ನು ಯಾರ ಸಂಬಳಕ್ಕೂ ಜೋಡಿಸಬೇಡಿ.

ಆ ಯೂನಿಟ್‌ನಲ್ಲಿ ಸೆಟಿಂಗ್ ಬದಲಾಯಿಸಿಬಂದೆ. ಅದಕ್ಕೂ ಎರಡೇ ಕ್ಲಿಕ್. ಸ್ಟೋರ್ ಕೀ ಈಗ ಶಾಪ್‌ಫ್ಲೋರಿನ ಒಂದು ಮೊಳೆಗೆ ನೇತಾಡುತ್ತೆ. ಆ ಆಪರೇಟರ್ ಮಾತ್ರ ಅಷ್ಟರಲ್ಲೇ ಕೆಲಸ ಬಿಟ್ಟಿದ್ದ. ಟಿವಿಯಲ್ಲಿ ಅವನ ಮಷೀನ್ ಪಕ್ಕ ಆವತ್ತು 'ಆಪರೇಟರ್ ಇಲ್ಲ' ಅಂತಿತ್ತು. ಆ ಸಲ ಅದು ನಿಜವಾಗಿತ್ತು.